ಬೇಕೆಂದೇ ತಪ್ಪಿದ ದಾರಿ

ಆ ಮನೆಗೆ ನನ್ನನ್ನು ಕರೆಸಿಕೊಂಡದ್ದು ಅಡುಗೆಗೆ ಎಂದು. ಬಂದ ಮೇಲೆ ತಿಳಿಯಿತು, ಅಡುಗೆ ನೆಪ ಮಾತ್ರ; ನಿಜವಾದ ಕೆಲಸ ಒಬ್ಬ ಮುದುಕರು ಬಾಗಿಲು ದಾಟದ ಹಾಗೆ ಕಾಯುವುದು.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಒಂದು ಕಟ್ಟಡ, ಆರನೆಯ ಮಾಳಿಗೆ. ಮನೆಯ ಯಜಮಾನಿ ಶಾಲೆಯಲ್ಲಿ ಟೀಚರು. ಅವರ ಗಂಡ ಕಡಲ ನಡುವೆ ಎಣ್ಣೆ ತೆಗೆಯುವ ಕಡೆ ಕೆಲಸಕ್ಕಿದ್ದರು, ಮನೆಯಲ್ಲಿ ಕಂಡದ್ದಕ್ಕಿಂತ ಕಾಣದ ದಿನಗಳೇ ಹೆಚ್ಚು. ಮುದುಕರು ಟೀಚರ ಅಪ್ಪ. ಮಡಿಕೇರಿ ಕಡೆಯವರು, ಎಂಬತ್ತರ ಹತ್ತಿರ. ಹೆಂಡತಿ ತೀರಿಕೊಂಡ ಮೇಲೆ ಮಗಳು ತನ್ನ ಹತ್ತಿರ ಕರೆಸಿಕೊಂಡಿದ್ದರು. ನಾನು ಮಲ್ಪೆಯವಳು. ಗಂಡ ಹೋದ ಮೇಲೆ ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದೆ. ಐವತ್ತು ದಾಟಿದ ಮೇಲೆ ಕುತ್ತಿಗೆ ಬುಟ್ಟಿಯನ್ನು ಒಪ್ಪಲಿಲ್ಲ. ಅಬುಧಾಬಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮೂರಿನ ಬ್ಯಾರಿಯೊಬ್ಬರು ಈ ಕೆಲಸ ಹೇಳಿ ಕಳಿಸಿದರು, ಬಂದೆ.

ಅಜ್ಜನ ಕಣ್ಣು ಪೂರ್ತಿ ಹೋಗಿರಲಿಲ್ಲ. ನಡು ಹೋಗಿತ್ತು, ಅಂಚು ಉಳಿದಿತ್ತು. ಎದುರು ನಿಂತವರ ಮುಖ ಕಾಣದು, ಅವರ ಪಕ್ಕದ ಬಾಗಿಲು ಕಾಣುತ್ತದೆ. ಹಾಗಾಗಿ ಮಾತಾಡುವಾಗ ನಮ್ಮನ್ನು ಬಿಟ್ಟು ಗೋಡೆ ನೋಡುತ್ತಿದ್ದರು. ಇವರಿಗೆ ಸೊಕ್ಕು ಎಂದು ಮೊದಲ ವಾರವೆಲ್ಲ ನಾನು ಅಂದುಕೊಂಡಿದ್ದೆ. ನನ್ನನ್ನು ಅವರು ಹೆಸರಿನಿಂದ ಕರೆದದ್ದಿಲ್ಲ. ‘ಮಲ್ಪೆ’ ಎನ್ನುತ್ತಿದ್ದರು. ‘ಏ ಮಲ್ಪೆ, ಚಹಾ’ ಎಂದರೆ ನಾನು ಓಗೊಡಬೇಕು.

ನಾನು ಬರುವ ಮೊದಲು ಒಂದು ದಿನ ಅವರೊಬ್ಬರೇ ಕಾರ್ನಿಶ್‌ಗೆ, ಎಂದರೆ ಕಡಲ ದಂಡೆಯ ಕಟ್ಟೆಯವರೆಗೆ, ನಡೆದುಹೋಗಿದ್ದರಂತೆ. ಬರುವಾಗ ಪಕ್ಕದ ಕಟ್ಟಡಕ್ಕೆ ನುಗ್ಗಿದರು. ಅಲ್ಲಿಯ ಕಟ್ಟಡಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿಯ ಹಾಗೆ. ಆರನೆಯ ಮಾಳಿಗೆ, ಬಲಗಡೆಯ ಬಾಗಿಲು, ಎಲ್ಲ ಸರಿ. ಕಟ್ಟಡ ಮಾತ್ರ ಬೇರೆ. ಯಾವುದೋ ಅರಬ್ಬಿ ಮನೆಯ ಸೋಫಾದಲ್ಲಿ ಕೂತು ಕಾಫಿ ಕೇಳಿದರಂತೆ. ಅವರೂ ಕೊಟ್ಟರಂತೆ, ಖರ್ಜೂರ ಸಮೇತ. ಮಗಳು ಹುಡುಕಿ ಹುಡುಕಿ ಸತ್ತು ಬದುಕಿದ್ದರು. ಅವತ್ತೇ ಬಾಗಿಲಿಗೆ ಹೊಸ ಬೀಗ ಬಂತು.

“ಅಕ್ಕನ ಜೊತೆ ಕೈ ಹಿಡ್ಕೊಂಡು ಹೋಗೋದಾದ್ರೆ ಹೋಗಿ. ಇನ್ನೊಂದ್ಸಲ ಹೀಗಾದ್ರೆ ಅದೂ ಇಲ್ಲ ಅಪ್ಪ. ಖಲಾಸ್!” ಎಂದಿದ್ದರು ಟೀಚರ್, ನಾನು ಬಂದ ದಿನ. ಅಕ್ಕ ಎಂದರೆ ನಾನು.

ಅಜ್ಜ ಜಗಳ ಆಡುವವರಲ್ಲ. ಬೆಳಿಗ್ಗೆ ಚಹಾ ಕುಡಿದವರೇ ಬೂಟು ಹಾಕಿಕೊಂಡು, ಲೇಸು ಬಿಗಿದು, ಬಾಗಿಲ ಮುಂದೆ ನಿಲ್ಲುತ್ತಿದ್ದರು. ನನ್ನ ಪಾತ್ರೆ ತೊಳೆದು ಮುಗಿಯುವವರೆಗೂ ನಿಂತೇ ಇರುವುದು.

“ಕೂತ್ಕೊಳ್ಳಿ ಅಜ್ಜ. ಬಾಗಿಲೆಂತ ಓಡಿ ಹೋಗ್ತದಾ?”

“ನಾನಾಗಿ ತೆಗೆದು, ನಾನಾಗಿ ಹೋಗಿ, ನಾನಾಗಿ ಬರ್ಬೇಕು. ಅಷ್ಟೇ ನನಗೆ ಬೇಕಾಗಿರೋದು. ನೀನು ಪಾತ್ರೆ ತೊಳಿ.”

ಬೇರೇನನ್ನೂ ಅವರು ಆ ಮನೆಯಲ್ಲಿ ಕೇಳಿದ್ದನ್ನು ನಾನು ಕಾಣೆ. ಊಟಕ್ಕೆ ಉಪ್ಪಿಲ್ಲ ಎಂದೂ ಹೇಳಿದವರಲ್ಲ.

ಅವರು ವಿಮಾನ ಹಾರಿಸುತ್ತಿದ್ದವರು ಎಂಬುದು ಗೊತ್ತಿತ್ತು. ಹಿಟ್ಲರನ ಯುದ್ಧದ ಕಾಲದಲ್ಲಿ ಬ್ರಿಟಿಷರ ವಾಯುಪಡೆ ಸೇರಿದ್ದ ಬೆರಳೆಣಿಕೆಯ ನಮ್ಮವರಲ್ಲಿ ಇವರೂ ಒಬ್ಬರು. ಕೆಳಗಿನ ಮಾಳಿಗೆಯಲ್ಲಿ ಮೈಸೂರಿನ ಒಬ್ಬರು ರಿಟೈರಾದ ಬ್ಯಾಂಕಿನವರು ಮಗನ ಮನೆಗೆ ಬಂದಿದ್ದರು. ಸಂಜೆ ಕಾಫಿಗೆ ಮೇಲೆ ಬರುವುದು ಅವರ ರೂಢಿ. ಒಂದು ದಿನ ಕೇಳಿದರು:

“ಅಲ್ಲ ಸಾರ್, ಬಾಂಬು ಎಲ್ಲೆಲ್ಲಿ ಹಾಕಿದ್ರಿ?”

“ಎಲ್ಲೂ ಹಾಕಿಲ್ಲ.”

“ಮತ್ತೆ ಯುದ್ಧದಲ್ಲಿ ಏನ್ಮಾಡ್ತಿದ್ರಿ?”

“ವಿಮಾನ ತಲುಪಿಸ್ತಿದ್ದೆ. ತಯಾರಾಗ್ತಿದ್ದದ್ದು ಅಮೆರಿಕದಲ್ಲಿ, ಬೇಕಾಗಿದ್ದದ್ದು ಈಚೆ ಕಡೆ. ಹಡಗಲ್ಲಿ ಹಾಕಿದ್ರೆ ಜರ್ಮನರು ಮುಳುಗಿಸೋರು. ಅದಕ್ಕೆ ಹಾರಿಸ್ಕೊಂಡೇ ಕಡಲು ದಾಟಿಸೋದು. ಆಫ್ರಿಕದಲ್ಲಿ ಒಪ್ಪಿಸಿ ವಾಪಸ್.”

“ವಾಪಸ್ ಹೇಗೆ?”

“ಇನ್ಯಾವುದೋ ವಿಮಾನದ ಹೊಟ್ಟೇಲಿ. ಟಪಾಲು ಚೀಲದ ಮೇಲೆ ಮಲಗ್ಕೊಂಡು. ಬಂದು ಮತ್ತೊಂದು ತಗೊಂಡು ಹೋಗೋದು.”

“ಓಹೋ! ಕೊರಿಯರ್ ಅನ್ನಿ!” ಎಂದು ಬ್ಯಾಂಕಿನವರು ಹೊಟ್ಟೆ ಕುಣಿಸಿ ನಕ್ಕರು.

ಅಜ್ಜನೂ ನಕ್ಕರು. ಅಡುಗೆಮನೆಯಲ್ಲಿ ನಾನೂ ನಕ್ಕೆ. ನನ್ನ ಲೆಕ್ಕದಲ್ಲೂ ಅದು ಲಾರಿ ಡ್ರೈವರನ ಕೆಲಸವೇ. ಮಲ್ಪೆಯಿಂದ ಮಂಜುಗಡ್ಡೆ ತುಂಬಿಸಿ ಮೀನು ಸಾಗಿಸುವ ಲಾರಿಯವರನ್ನು ನಾನು ಎಷ್ಟು ಕಂಡಿಲ್ಲ. ಯುದ್ಧ ಮಾಡದ ಸಿಪಾಯಿ ಎಂತಹ ಸಿಪಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂಗುಡೆಗೆ ಮಸಾಲೆ ಹಚ್ಚಿದೆ.

ಆ ವರ್ಷ ಬೇಸಿಗೆ ಹತ್ತುವ ಮೊದಲು ಒಂದು ಶುಕ್ರವಾರ, ರಜೆಯ ದಿನ, ಟೀಚರ ಶಾಲೆಯ ನಾಲ್ಕಾರು ಮನೆಯವರು ಸೇರಿ ಮರಳಿಗೆ ಹೊರಟರು. ಮರಳಿಗೆ ಹೋಗುವುದೆಂದರೆ ಅಲ್ಲಿ ಪಿಕ್ನಿಕ್ಕು. ಬನಿಯಾಸ್ ದಾಟಿ ಅಲ್ ಐನ್ ರಸ್ತೆಯಲ್ಲಿ ಒಂದಷ್ಟು ಹೋದರೆ ದಿಬ್ಬಗಳು ಸಿಗುತ್ತವೆ. ಹೆದ್ದಾರಿಯ ಉದ್ದಕ್ಕೂ ತಂತಿಬೇಲಿ, ಒಂಟೆಗಳು ರಸ್ತೆಗೆ ಬರಬಾರದೆಂದು. ಒಂದು ಕಡೆ ಬೇಲಿಗೆ ಬಿಟ್ಟಿದ್ದ ಸಂದಿನಲ್ಲಿ ಒಳನುಗ್ಗಿ, ಬೇಲಿಗೆ ತಾಗಿಸಿ ಕಾರುಗಳನ್ನು ಸಾಲಾಗಿ ನಿಲ್ಲಿಸಿದರು. ಇದ್ದಿಲು ಹೊತ್ತಿಸಿದರು, ಕೋಳಿ ಸುಡಲು ಇಟ್ಟರು. ಮಕ್ಕಳು ಇಂಗ್ಲಿಷಿನಲ್ಲಿ ಕಿರುಚುತ್ತಾ ದಿಬ್ಬದಿಂದ ಉರುಳುತ್ತಿದ್ದವು.

ಅಜ್ಜನಿಗೆ ಮೂತ್ರಕ್ಕೆ ಹೋಗಬೇಕಾಯಿತು. ಅಷ್ಟು ಹೆಂಗಸರ ಕಣ್ಣಳತೆಯಲ್ಲಿ ಅವರು ಕೂರುವವರಲ್ಲ. ನನ್ನ ಕೈ ಹಿಡಿದು ಒಂದು ದಿಬ್ಬ ದಾಟಿದರು, ಸಾಲದೆಂದು ಇನ್ನೊಂದು, ಆಮೇಲೆ ತಗ್ಗು. “ಇಲ್ಲಿ ನಿಮ್ಮನ್ನು ನೋಡುವುದು ಯಾರು, ಒಂಟೆಯಾ?” ಎಂದು ಗೊಣಗುತ್ತಾ ನಾನು ಬೆನ್ನು ಹಾಕಿ ನಿಂತೆ.

ಬೆನ್ನು ಹಾಕಿ ನಿಂತಿದ್ದರಿಂದಲೇ ಅದು ನನಗೆ ಮೊದಲು ಕಂಡದ್ದು. ಆಕಾಶದ ಒಂದು ಬದಿ ಕಂದಾಗಿತ್ತು. ಬೀಡಿ ಎಲೆಯ ಬಣ್ಣ. ನಾನು ನೋಡುತ್ತಿದ್ದ ಹಾಗೇ ಅದು ಗೋಡೆಯಾಗಿ ಎದ್ದು, ದಿಬ್ಬ ನುಂಗಿ, ಸೀದಾ ನಮ್ಮ ಮೇಲೆ ಬಂತು. ಅಲ್ಲಿಯವರು ಆ ಗಾಳಿಗೆ ಶಮಾಲ್ ಎನ್ನುತ್ತಾರೆ. ನಾನು ಮಳೆಗಾಲದ ಕಡಲ ಗಾಳಿ ಕಂಡವಳು. ಆದರೆ ಮಳೆ ಒದ್ದೆ ಮಾಡುತ್ತದೆ ಅಷ್ಟೆ. ಇದು ಚರ್ಮ ಸುಲಿಯುತ್ತದೆ. ಚಾಚಿದ ನನ್ನ ಕೈಯ ಬೆರಳು ನನಗೇ ಕಾಣದಾಯಿತು. ನಾವು ನಡೆದು ಬಂದ ಹೆಜ್ಜೆ ಗುರುತು ಅಳಿಸಿಹೋಗಿತ್ತು. ಟೀಚರನ್ನು ಕೂಗಿದೆ, ನನ್ನ ಕೂಗು ನನ್ನ ಬಾಯಿಂದ ಹೊರಗೇ ಹೋಗಲಿಲ್ಲ.

“ಮಲ್ಪೆ, ಬಾಯಿ ಮುಚ್ಚು. ಮರಳು ತುಂಬುತ್ತೆ,” ಎಂದರು ಅಜ್ಜ. ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು, ಮೀನಿನ ವಾಸನೆ ಹಿಡಿಯುವ ಬೆಕ್ಕಿನ ಹಾಗೆ.

“ಬರೋವಾಗ ಗಾಳಿ ನನ್ನ ಬಲ ಹೆಗಲ ಹಿಂದೆ ತಾಗ್ತಿತ್ತು. ಈಗ ಕಾರಿನ ಕಡೆ ಮುಖ ಮಾಡಿದ್ರೆ ಎಡಗೆನ್ನೆಗೆ ಬಡೀಬೇಕು.”

“ಹಾಗಾದರೆ ಎಡಗೆನ್ನೆಗೆ ಇಟ್ಟುಕೊಂಡು ಸೀದ ಹೋಗುವ, ಬನ್ನಿ!”

“ಸೀದಾ ಹೋಗೋದಿಲ್ಲ.”

ಅಷ್ಟು ಹೇಳಿ ಅವರು ಇನ್ನೂ ಎಡಕ್ಕೆ ತಿರುಗಿದರು. ಈಗ ಗಾಳಿ ನೇರ ಮೂಗಿನ ಮೇಲೆ. ಅದರ ಬಾಯಿಗೇ ಮುಖ ಕೊಟ್ಟು ನಡೆಯಲು ಹೊರಟರು. ಇಷ್ಟು ಹೊತ್ತು ಅವರ ಕೈ ಹಿಡಿದವಳು ನಾನು. ಈಗ ಅವರು ನನ್ನ ಮಣಿಕಟ್ಟು ಹಿಡಿದರು.

“ಅಜ್ಜ, ನಿಮಗೆ ತಲೆ ಸರಿ ಉಂಟಾ? ಕಾರು ಈಚೆ ಬದಿಗೆ ಅಂತ ನೀವೇ ಹೇಳಿದ್ದಲ್ವಾ?”

“ಹೌದು.”

“ಮತ್ತೆ ಆಚೆ ಬದಿಗೆ ಯಾಕೆ ಹೋಗೋದು? ಎಂತ ಸಾವು ಮಾರಾಯ್ರೆ ಇದು!”

“ತಪ್ಪಿಸ್ಕೊಳ್ಳೋಕೆ. ಬೇಕೂಂತ ತಪ್ಪಿಸ್ಕೊಳ್ತಿದೀನಿ. ನಡಿ.”

ಈ ಉತ್ತರ ಕೇಳಿ ನನಗೆ ಖಾತ್ರಿಯಾಯಿತು, ಮುದುಕರಿಗೆ ಬುದ್ಧಿ ಕೆಟ್ಟಿದೆ, ಇವರ ಜೊತೆ ನಾನೂ ಮರಳಲ್ಲಿ ಒಣಮೀನಾಗುತ್ತೇನೆ ಎಂದು. ಕೈ ಬಿಡಿಸಿಕೊಂಡು ನನ್ನ ದಾರಿ ಹಿಡಿಯೋಣ ಎಂದು ಎರಡು ಸಲ ಎಳೆದೆ. ಎಂಬತ್ತರ ಕೈ ಅಲ್ಲ ಅದು, ಇಕ್ಕಳ. ಹತ್ತುವಾಗ ಮಂಡಿಯೂರಿ ಹತ್ತಿದೆವು. ಇಳಿಯುವಾಗ ಜಾರಿದೆವು. ಪ್ರತಿ ದಿಬ್ಬ ಇಳಿದ ಕೂಡಲೇ ಅವರು ನಿಂತು, ಕಣ್ಣು ಮುಚ್ಚಿ, ಗಾಳಿ ಮೂಗಿನ ಎರಡು ಹೊಳ್ಳೆಗೂ ಸಮನಾಗಿ ಬಡಿಯುವ ತನಕ ಮುಖ ತಿರುಗಿಸಿ ಮತ್ತೆ ಹೊರಡುವರು.

ಕೊನೆಗೆ ನನ್ನ ಮೊಣಕಾಲಿಗೆ ತಂತಿ ಬಡಿಯಿತು. ಬೇಲಿ. ನಾನು ಅದನ್ನು ತಬ್ಬಿಕೊಂಡೆ. ಆದರೆ ಬೇಲಿ ಸಿಕ್ಕರೆ ಆಯಿತೇ? ಕಾರು ಎಡಕ್ಕೋ ಬಲಕ್ಕೋ? ತಪ್ಪು ಕಡೆಗೆ ಹೋದರೆ ಆ ಬೇಲಿ ಅಲ್ ಐನ್‌ವರೆಗೂ ಉಂಟು. ನಾನು ಯೋಚಿಸುವುದರೊಳಗೆ ಅಜ್ಜ ಬಲಕ್ಕೆ ತಿರುಗಿ ಆಗಿತ್ತು.

“ಎಡಕ್ಕೂ ಇರಬಹುದು ಅಲ್ವಾ?”

“ಇರೋಕ್ಕಾಗಲ್ಲ.”

ಒಂದು ಕೈ ತಂತಿಯ ಮೇಲೆ, ಒಂದು ಕೈ ನನ್ನ ಮೇಲೆ. ಈಗ ಗಾಳಿ ಬೆನ್ನ ಹಿಂದೆ ಬಂದು ನಮ್ಮನ್ನು ದೂಡುತ್ತಿತ್ತು. ತುಸು ದೂರದಲ್ಲಿ ಅವರ ಬೂಟು ಯಾವುದಕ್ಕೋ ಎಡವಿತು. ಟೀಚರ ಕಾರಿನ ಬಂಪರು.

ಕಾರಿನೊಳಗೆ ಟೀಚರ್ ಹಾರ್ನಿನ ಮೇಲೆ ಎರಡೂ ಕೈ ಒತ್ತಿ ಕೂತಿದ್ದರು. ಅಷ್ಟು ಹತ್ತಿರ ಬರುವವರೆಗೂ ಆ ಹಾರ್ನು ನಮಗೆ ಕೇಳಿರಲಿಲ್ಲ. ಬಾಗಿಲು ತೆಗೆದು ಅಪ್ಪನನ್ನು ಒಳಗೆ ಎಳೆದುಕೊಂಡವರು ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ಇಲ್ಲ. ಬೈದರು. ತಮ್ಮ ಊರಿನ ಭಾಷೆಯಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಮೂರರಲ್ಲೂ. ನನಗೂ ಒಂದು ಪಾಲು ಸಿಕ್ಕಿತು. ಕೊನೆಗೆ, “ಮುಗೀತು ಅಪ್ಪ. ಇನ್ನು ಹೊರಗೆ ಇಲ್ಲ. ಅಕ್ಕನ ಜೊತೆಗೂ ಇಲ್ಲ, ಯಾರ ಜೊತೆಗೂ ಇಲ್ಲ,” ಎಂದರು.

ಅಜ್ಜ ಕರವಸ್ತ್ರ ಬಿಚ್ಚಿ ಮರಳು ಕೊಡವಿದರು. ಅಂಗೈಯಲ್ಲಿ ತಂತಿ ಗೀರಿ ರಕ್ತ ಬಂದಿತ್ತು.

ಮರುದಿನ ಚಹಾ ಕುಡಿದವರು ಬೂಟು ಹಾಕಿಕೊಳ್ಳಲಿಲ್ಲ. ಅದರ ಮರುದಿನವೂ ಇಲ್ಲ. ಬಾಗಿಲ ಕಡೆ ಬೆನ್ನು ಮಾಡಿ ಕುರ್ಚಿ ಎಳೆದುಕೊಂಡು ಕೂತರು. ಊಟಕ್ಕೆ ಕರೆದರೆ ಬಂದರು, ಮಲಗಿ ಎಂದರೆ ಮಲಗಿದರು. ಆರೋಗ್ಯ ನೆಟ್ಟಗಿದ್ದ ಮನುಷ್ಯ ಹೀಗೆ ಹೇಳಿದಂತೆ ಕೇಳಲು ಶುರುಮಾಡಿದರೆ ಅದು ಒಳ್ಳೆಯದಕ್ಕಲ್ಲ. ನಮ್ಮ ಕೇರಿಯಲ್ಲಿ ನಾನು ನೋಡಿದ್ದೇನೆ, ಕಡಲಿಗೆ ಹೋಗುವುದು ಬೇಡವೆಂದು ಮಕ್ಕಳು ಕೂರಿಸಿದ ಗಂಡಸರು ಮುಂದಿನ ಮಳೆಗಾಲ ಕಾಣುವುದಿಲ್ಲ.

ಆ ವಾರ ಅಲ್ ಮೀನಾದ ಮಾರ್ಕೆಟ್ಟಿನಿಂದ ಟೀಚರ್ ಬೂತಾಯಿ ತಂದಿದ್ದರು. ಅವರು ಶಾಲೆಗೆ ಹೋದ ಮೇಲೆ ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಮೀನು ಹರಡಿ ಶುಚಿ ಮಾಡುತ್ತಿದ್ದೆ. ಅಜ್ಜನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಸುತ್ತಿ ಬಳಸಿ ಮಾತಾಡಲು ನನಗೆ ಬಾರದು. ಕೇಳಿದೆ:

“ಅವತ್ತು ಓರೆ ಹೋದದ್ದು ಯಾಕೆ? ಸರಿಯಾದ ದಾರಿ ಗೊತ್ತಿದ್ದವರು ಬೇಕಂತ ಯಾಕೆ ತಪ್ಪಿದ್ದು?”

ಅವರು ಕಟ್ಟೆಯ ಮೇಲೆ ಕೈಯಾಡಿಸಿ ಮಸಾಲೆಗೆ ತೆಗೆದಿಟ್ಟಿದ್ದ ಒಂದು ಕರಿಮೆಣಸಿನ ಕಾಳು ಹುಡುಕಿ, ಖಾಲಿ ಕಲ್ಲಿನ ನಡುವೆ ಇಟ್ಟರು.

“ಇದು ದ್ವೀಪ. ಉಳಿದ ಕಲ್ಲೆಲ್ಲ ನೀರು.”

ಅಮೆರಿಕದಿಂದ ಕೆಳಗಿಳಿದು ಬ್ರೆಜಿಲ್ ಎಂಬ ದೇಶದ ತುದಿಗೆ ಬರುವುದಂತೆ. ಅಲ್ಲಿಂದ ಆಫ್ರಿಕಕ್ಕೆ ಕಡಲು. ಆ ವಿಮಾನಗಳ ಎಣ್ಣೆ ಒಂದೇ ಉಸಿರಿಗೆ ದಾಟುವಷ್ಟು ಇರಲಿಲ್ಲ. ನಡುವೆ ಒಂದು ದ್ವೀಪ. ಮಲ್ಪೆಯಿಂದ ಉಡುಪಿಗೆ ಹೋಗಿ ಬಂದಷ್ಟು ಉದ್ದ, ಅಷ್ಟೇ. ಬೆಂಕಿ ಉಗುಳಿ ಆರಿದ ಬೆಟ್ಟ, ಬೂದಿ, ಕಲ್ಲು. ಅಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳಬೇಕು. ಸಿಗದಿದ್ದರೆ ಆಚೆಗೂ ಇಲ್ಲ, ಈಚೆಗೂ ಇಲ್ಲ. ಅರ್ಧ ದಾರಿ ದಾಟಿದ ಮೇಲೆ ಹಿಂದೆ ಹೋಗಲೂ ಎಣ್ಣೆ ಸಾಲದು.

ವಿಮಾನದಲ್ಲಿ ಮೂವರು. ಹಾರಿಸುವ ಅಜ್ಜ, ರೇಡಿಯೊದವನು, ದಾರಿ ಹಾಕುವವನು. ದಾರಿ ಹಾಕುವವನು ಯುದ್ಧಕ್ಕೆ ಮೊದಲು ಯಾವುದೋ ಹಿಮದ ಊರಲ್ಲಿ ಮೇಷ್ಟ್ರಾಗಿದ್ದನಂತೆ. ಒಂದು ಬೆಳಿಗ್ಗೆ ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಮೋಡದಲ್ಲಿ ನೆಂದು ರೇಡಿಯೊ ಸತ್ತಿತು. ಇನ್ನು ಉಳಿದದ್ದು ಸೂರ್ಯ. ಮೇಷ್ಟ್ರು ಗಾಜಿನ ಗುಮ್ಮಟದಲ್ಲಿ ತಲೆ ಇಟ್ಟು, ಒಂದು ಉಪಕರಣ ಹಿಡಿದು ಸೂರ್ಯ ಎಷ್ಟು ಎತ್ತರಕ್ಕಿದ್ದಾನೆ ಎಂದು ಅಳೆಯುವನು, ಲೆಕ್ಕ ಹಾಕುವನು.

“ಸೂರ್ಯ ಪೂರ್ತಿ ಹೇಳಲ್ಲ, ಮಲ್ಪೆ. ಅರ್ಧ ಹೇಳ್ತಾನೆ. ನೀವು ಈ ಗೆರೆ ಮೇಲೆ ಇದೀರಿ ಅಂತಾನೆ,” ಎಂದು ಮೆಣಸಿನ ಕಾಳಿನ ಮೇಲೆ ಹಾದುಹೋಗುವ ಹಾಗೆ ಕಲ್ಲಿಗೆ ಅಡ್ಡ ಒಂದು ಒದ್ದೆ ಗೆರೆ ಎಳೆದರು. “ಗೆರೇಲಿ ಎಲ್ಲಿ ಅಂತ ಹೇಳಲ್ಲ. ದ್ವೀಪಕ್ಕೆ ನೇರ ಗುರಿಯಿಟ್ಟು ಬಂದೆ ಅನ್ಕೋ. ಗಾಳಿ ಎಲ್ಲೋ ಒಂಚೂರು ತಳ್ಳಿರುತ್ತೆ. ಗೆರೆ ಬಂತು, ದ್ವೀಪ ಇಲ್ಲ. ಈಗ ಎಡಕ್ಕಾ, ಬಲಕ್ಕಾ? ಯಾರಿಗೆ ಗೊತ್ತು? ಅದಕ್ಕೇ ಮೊದಲಿನಿಂದಲೇ ಬೇಕೂಂತ ಎಡಕ್ಕೆ ತಪ್ಪಿಸ್ಕೊಂಡು ಬರೋದು. ಗಾಳಿ ಎಷ್ಟು ತಳ್ಳಿದ್ರೂ ದ್ವೀಪದ ಎಡಗಡೆನೇ ಇರ್ಬೇಕು, ಅಷ್ಟು ಎಡಕ್ಕೆ. ಗೆರೆ ಬಂದ ಕೂಡಲೇ ಬಲಕ್ಕೆ. ಯೋಚನೆ ಇಲ್ಲ.”

ನಾನು ಮೀನು ಕೆಳಗಿಟ್ಟೆ. ಖಾಲಿ ಕಲ್ಲಿನ ಮೇಲೆ ಆ ಕಾಳನ್ನು ನೋಡಿದೆ. ನನ್ನ ಗಂಡ ಇಪ್ಪತ್ತು ವರ್ಷ ದೋಣಿಗೆ ಹೋದವರು. ಆದರೂ ಬೆಟ್ಟದ ತಲೆಯೋ ದೀಪಸ್ತಂಭವೋ ಒಂದು ಕಣ್ಣಿಗೆ ಬೀಳುತ್ತಿತ್ತು. ಏನೂ ಕಾಣದ ನೀರಿನಲ್ಲಿ ಒಂದು ದಿನ ಸಿಕ್ಕಿಬಿದ್ದು ಬಂದವರು ಮೂರು ದಿನ ಮಾತಾಡಿರಲಿಲ್ಲ. ನಾನು ಈ ದೇಶಕ್ಕೆ ವಿಮಾನದಲ್ಲಿ ಬರುವಾಗ ಒಂದು ಸಲ ಕಿಟಕಿಯಿಂದ ಕೆಳಗೆ ನೋಡಿ, ಬರೀ ನೀರು ಕಂಡು, ಪರದೆ ಎಳೆದುಬಿಟ್ಟಿದ್ದೆ. ಆಗ ನನ್ನ ಸುತ್ತ ಒಂದು ಊರಿನಷ್ಟು ಜನ, ಮಡಿಲಲ್ಲಿ ಅನ್ನದ ತಟ್ಟೆ.

“ಗೆರೆ ಬಂತು ಅಂತ ಮೇಷ್ಟ್ರು ಹೇಳಿದ. ಬಲಕ್ಕೆ ಅಂದ. ಬಲಕ್ಕೆ ನೋಡ್ತೀನಿ, ನೀರು. ಎಡಕ್ಕೂ ಅದೇ ನೀರು. ಒಂದಕ್ಕೊಂದು ವ್ಯತ್ಯಾಸ ಇಲ್ಲ. ಮೈಯೆಲ್ಲ ಹೇಳುತ್ತೆ, ನೇರ ಹೋಗು, ಇನ್ನೊಂಚೂರು ಮುಂದೆ ಇರುತ್ತೆ ಅಂತ. ಆದ್ರೂ ತಿರುಗಿಸ್ದೆ.”

“ಆಮೇಲೆ?”

“ಆಮೇಲೆ ಏನು, ಹೋಗೋದು. ಎಣ್ಣೆಯ ಮುಳ್ಳು ಇಳೀತಾ ಇದೆ. ತುಂಬಾ ಹೊತ್ತಾದ ಮೇಲೆ ದೂರದಲ್ಲಿ ಒಂದು ಮೋಡ. ಬೇರೆ ಮೋಡ ಎಲ್ಲ ಓಡ್ತಿದಾವೆ. ಅದೊಂದು ನಿಂತಿದೆ.”

ನಿಂತ ಮೋಡದ ಕೆಳಗೆ ನೆಲ ಇರುತ್ತದೆ. ಅದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು.

ಇಳಿಯುವ ಜಾಗದ ತುದಿಯಲ್ಲಿ ಕಡಲಕ್ಕಿಗಳು ಮೊಟ್ಟೆಯಿಟ್ಟು ಸಾವಿರ ಸಾವಿರ ಕೂತಿದ್ದವಂತೆ. ವಿಮಾನದ ಸದ್ದಿಗೆ ಒಟ್ಟಿಗೆ ಎದ್ದವು, ಕಪ್ಪು ಬಿಳುಪು ಸೀರೆ ಕೊಡವಿದ ಹಾಗೆ. ಅದರ ನಡುವೆಯೇ ಇಳಿಸಿದರು. ಇಳಿದು, ಬಂದ ಸುದ್ದಿ ಹೇಳಲು ರೇಡಿಯೊ ಗುಡಿಸಲಿಗೆ ಹೋದರು. ಅಲ್ಲಿ ಯಾರೂ ಇವರ ಕಡೆ ತಿರುಗಲಿಲ್ಲ. ಅದೇ ಬೆಳಿಗ್ಗೆ ಇವರ ಹಿಂದೆ ಹೊರಟ ಇನ್ನೊಂದು ವಿಮಾನ ಮಾತಾಡುತ್ತಿತ್ತು. ಅವರು ನೇರ ಬಂದಿದ್ದರು. ಗೆರೆಗೆ ಬಂದಿದ್ದೇವೆ, ದ್ವೀಪ ಕಾಣುತ್ತಿಲ್ಲ, ಯಾವ ಕಡೆ, ಯಾವ ಕಡೆ ಎಂದು ಕೇಳುತ್ತಿದ್ದರು. ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ದ್ವೀಪದವರಿಗೆ ತಿಳಿಯುತ್ತಿತ್ತು. ಬಲಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಅವರು ಹೇಳುತ್ತಲೇ ಇದ್ದರು. ಆ ವಿಮಾನಕ್ಕೆ ಹೇಳಲು ಬರುತ್ತಿತ್ತು, ಕೇಳಿಸುತ್ತಿರಲಿಲ್ಲ. ಅದರ ಕಿವಿ ಕೆಟ್ಟಿತ್ತು.

“ಎಡಕ್ಕೆ ತಿರುಗಿದ್ರು,” ಎಂದರು ಅಜ್ಜ. “ಮಾತು ಸಣ್ಣದಾಗ್ತಾ ಹೋಯ್ತು. ಅದು ನಿಂತ ಮೇಲೂ ದ್ವೀಪದ ರೇಡಿಯೊದವನು ಬಲಕ್ಕೆ ತಿರುಗಿ ಅಂತಾನೇ ಇದ್ದ.”

ಕುಕ್ಕರು ಕೂಗಿತು. ಆರಿಸಿದೆ. ಆಮೇಲೆ ಕೇಳಿದೆ, “ಮತ್ತೆ ನೀವು?”

“ಎಣ್ಣೆ ತುಂಬಿಸ್ಕೊಂಡು ಆಫ್ರಿಕಕ್ಕೆ ಹೋದೆ. ವಿಮಾನ ಒಪ್ಪಿಸ್ದೆ. ಟಪಾಲು ಚೀಲದ ಮೇಲೆ ಮಲಗಿ ವಾಪಸ್ ಬಂದೆ. ಮುಂದಿನ ವಾರ ಇನ್ನೊಂದು ತಗೊಂಡು ಅದೇ ದಾರಿ.”

ಅದೇ ದಾರಿ! ಎಷ್ಟು ಸಲ ಎಂದು ನಾನು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ನನ್ನ ಎದುರು ಬನಿಯನ್ನು ತೊಟ್ಟು ಕೂತಿದ್ದ ಈ ಮನುಷ್ಯ ಆ ಕಲ್ಲಿನಗಲದ ನೀರಿನ ಮೇಲೆ, ಬರಿಯ ಒಂದು ಲೆಕ್ಕವನ್ನು ನಂಬಿ, ನೀರಿನಿಂದ ನೀರಿನ ಕಡೆಗೆ ತಿರುಗಿದವರು. ಯಾರಿಗೂ ಗುಂಡು ಹಾರಿಸದೆ, ಯಾರಿಂದಲೂ ಭೇಷ್ ಅನ್ನಿಸಿಕೊಳ್ಳದೆ. ದೇವಸ್ಥಾನದಲ್ಲೂ ನನ್ನ ತಲೆ ಅಷ್ಟು ಬಾಗಿದ್ದಿಲ್ಲ.

ಸಂಜೆ ಟೀಚರ್ ಬಂದು ಚಪ್ಪಲಿ ಬಿಡುವುದರೊಳಗೆ ಎಲ್ಲ ಹೇಳಿದೆ. ಅವರು ಚೀಲ ಹೆಗಲಲ್ಲೇ ಇಟ್ಟುಕೊಂಡು ಕೇಳಿದರು.

“ಟ್ರಾನ್ಸ್‌ಪೋರ್ಟಲ್ಲಿದ್ದೆ ಅಂತಷ್ಟೇ ಅಪ್ಪ ಹೇಳ್ತಿದ್ದದ್ದು.”

“ನೀವು ಕೇಳಿದ್ದು ಉಂಟಾ?”

ಅವರು ಚೀಲ ಕೆಳಗಿಟ್ಟರು. “ಇರ್ಲಿ ಅಕ್ಕ. ಅದು ಐವತ್ತು ವರ್ಷದ ಹಿಂದೆ. ಆಗ ಅಪ್ಪನಿಗೆ ಕಣ್ಣಿತ್ತು,” ಎಂದರು.

“ಮೊನ್ನೆ ಮರಳಿನಲ್ಲಿ ಕಣ್ಣು ಇದ್ದದ್ದು ನನಗೆ. ನನ್ನ ಕಣ್ಣು ನಂಬಿದ್ದರೆ ಇವತ್ತು ನಿಮಗೆ ಎರಡು ಬೊಜ್ಜ.” ಬೊಜ್ಜ ಎಂದರೆ ನಮ್ಮ ಕಡೆ ಸತ್ತವರ ಉತ್ತರಕ್ರಿಯೆ. ಟೀಚರಿಗೆ ಅರ್ಥವಾಯಿತು.

“ಇನ್ನೊಂದು ಹೇಳ್ತೇನೆ, ಸಿಟ್ಟು ಮಾಡ್ಬೇಡಿ. ಬೀಗ ಹಾಕಿದರೆ ಅವರು ಎಲ್ಲಿಗೂ ಹೋಗುವುದಿಲ್ಲ, ಹೌದು. ಕುರ್ಚಿಯಲ್ಲೇ ಹೋಗ್ತಾರೆ. ನಾನು ನೋಡ್ತಾ ಇದ್ದೇನೆ.”

ಟೀಚರ್ ಸಿಟ್ಟು ಮಾಡಿದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆದರೆ ಮುಂದಿನ ಶುಕ್ರವಾರ ಬೆಳಿಗ್ಗೆ ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕೂತದ್ದನ್ನು ಕಂಡೆ. ದ್ವೀಪದ ಕತೆಯನ್ನು ಇನ್ನೊಮ್ಮೆ ಕೇಳಿದರು, ಮೊದಲಿನಿಂದ. ಕೊನೆಗೆ, “ನನಗೆ ಭಯ ಅಪ್ಪ. ಅಷ್ಟೇ ವಿಷಯ. ನೀವು ಒಬ್ರೇ ಹೋದ್ರೆ ನನಗೆ ಭಯ,” ಎಂದರು.

“ನಾನು ಒಬ್ಬನೇ ಯಾವತ್ತೂ ಹಾರಿಲ್ಲ ಮಗಳೇ,” ಎಂದರು ಅಜ್ಜ. “ದಾರಿ ಹಾಕೋನು ಬೇರೆ, ಹಾರಿಸೋನು ಬೇರೆ. ದಾರಿ ನೀನು ಹಾಕು. ಎಲ್ಲಿಗೆ, ಎಲ್ಲಿ ತಿರುಗಬೇಕು, ಎಷ್ಟೊತ್ತಿಗೆ ಬರಬೇಕು, ಎಲ್ಲ ನೀನೇ ಹೇಳು. ಅದರಿಂದ ಒಂದು ಹೆಜ್ಜೆ ನಾನು ಆಚೆ ಇಡಲ್ಲ. ಆದ್ರೆ ಕೈ ಹಿಡಿಯೋರು ಬೇಡ.”

ಟೀಚರ್ ದಾರಿ ಹಾಕಿದರು. ಲಿಫ್ಟಿನಲ್ಲಿ ಕೆಳಗೆ, ಅಂಗಡಿ ಸಾಲಿನ ನೆರಳಿನಲ್ಲೇ ಮೂಲೆಯವರೆಗೆ, ಸಿಗ್ನಲಿನಲ್ಲಿ ಜನ ದಾಟುವಾಗ ಅವರ ಜೊತೆ ದಾಟುವುದು, ಕಡಲ ಕಟ್ಟೆಯ ಕಂಬಿ ಮುಟ್ಟುವುದು, ಅದೇ ದಾರಿಯಲ್ಲಿ ವಾಪಸ್. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗುವುದರೊಳಗೆ ಮನೆಯಲ್ಲಿ ಇರಬೇಕು. ಅಜ್ಜ ಒಂದೊಂದನ್ನೂ ತಿರುಗಿ ಒಪ್ಪಿಸಿದರು, ಶಾಲೆಯ ಮಗುವಿನ ಹಾಗೆ. ಆಮೇಲೆ ಬೂಟು ಹಾಕಿಕೊಂಡರು.

ಅವರು ಹೋದ ಮೇಲೆ ಮನೆಯಲ್ಲಿ ನಾವಿಬ್ಬರು ಹೆಂಗಸರು. ಕಿಟಕಿಯಿಂದ ನೋಡಿದರೆ ಮೂಲೆಯವರೆಗೆ ಕಾಣುತ್ತದೆ. ಮೂಲೆಯಲ್ಲಿ ಬಿಳಿ ಶರ್ಟು ತಿರುಗಿತು, ಇಲ್ಲವಾಯಿತು. ನಾನು ಅಕ್ಕಿ ತೊಳೆದೆ. ಟೀಚರ್ ಪರೀಕ್ಷೆಯ ಪೇಪರು ತಿದ್ದಲು ಕೂತವರು ಕೆಂಪು ಪೆನ್ನಿನ ಕ್ಯಾಪು ತೆಗೆಯಲೇ ಇಲ್ಲ.

ಬಾಂಗ್ ಆಯಿತು. ಒಂದು ಮಸೀದಿಯದ್ದು ಮುಗಿಯುವಾಗ ಇನ್ನೊಂದರದ್ದು ಶುರು. ಅದೂ ಮುಗಿಯಿತು. ರಸ್ತೆ ಖಾಲಿಯಾಯಿತು. ಅಜ್ಜ ಇಲ್ಲ.

“ನಾನು ಹೋಗ್ತೀನಿ,” ಎಂದು ಟೀಚರ್ ಎದ್ದರು.

“ಸ್ವಲ್ಪ ತಡೀರಿ.”

“ಏನು ತಡೆಯೋದು? ಏನಾದ್ರೂ ಆಗಿದ್ರೆ?”

“ಆಗಿದ್ದರೆ ಆಗಿ ಆಯ್ತು. ನೀವು ಲಿಫ್ಟಿನಲ್ಲಿ ಇಳಿಯುವಾಗ ಅವರು ಎದುರು ಬಂದರೆ ಮುಗಿಯಿತು. ಇನ್ನು ಯಾವತ್ತೂ ಅವರು ಹೊರಡುವುದಿಲ್ಲ.”

ಹೇಳುವುದು ಹೇಳಿದೆ, ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದೆ. ಟೀಚರ್ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತರು, ಹೋಗಲಿಲ್ಲ. ಹೊರಗೆ ಮೆಟ್ಟಿಲಿನಲ್ಲಿ ಯಾರೋ ನಿಧಾನ ಏರುವ ಸದ್ದು. ನಿಂತಿತು. ಮತ್ತೆ ಏರಿತು. ಬೆಲ್ಲು ಆಯಿತು.

ಬೆವರಿನಲ್ಲಿ ಮಿಂದು ನಿಂತಿದ್ದರು, ಗೋಡೆ ನೋಡುತ್ತಾ. “ಲಿಫ್ಟು ಕೆಟ್ಟಿದೆ. ದಾರೀಲಿ ಅದನ್ನ ನೀನು ಹಾಕಿರ್ಲಿಲ್ಲ,” ಎಂದರು ಮಗಳಿಗೆ. “ಲೇಟು ನಂದಲ್ಲ, ನಿಂದು.”

ಟೀಚರಿಗೆ ನಗು ಬಂತೋ ಅಳು ಬಂತೋ, ಅಪ್ಪನ ಬೂಟಿನ ಲೇಸು ಬಿಚ್ಚಲು ಕೂತವರು ತಲೆ ಎತ್ತಲಿಲ್ಲ. “ನಾಳೆ ಅಂಗಡಿ ಸಾಲು ಬೇಡ,” ಎಂದರು. “ಅಲ್ಲಿ ಫುಟ್‌ಪಾತ್ ಅಗೀತಿದಾರೆ. ಆಚೆ ಬದಿಯಿಂದ ಹೋಗಿ.”

ನಾನು ಆ ಮನೆಯಲ್ಲಿದ್ದಷ್ಟು ಕಾಲ ಅವರು ದಿನವೂ ಹೋದರು, ದಿನವೂ ಬಂದರು. ಟೀಚರಿಗೆ ಮೆಲ್ಲಗೆ ಅದು ರೂಢಿಯಾಯಿತು. ಶಾಲೆಯಿಂದ ಫೋನು ಮಾಡುವುದನ್ನೂ ಬಿಟ್ಟರು. ನನಗೆ ಮಾತ್ರ ರೂಢಿಯಾಗಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಒಲೆಯ ಮುಂದೆ ನಿಂತು ಏನೇನೋ ಕೆಲಸ ಮಾಡುತ್ತಿದ್ದೆ. ಕಿವಿ ಮೆಟ್ಟಿಲ ಕಡೆಗೇ. ಬೆಲ್ಲು ಆದ ಪ್ರತಿ ಸಲವೂ, ಬಂದರಲ್ಲಾ ಎಂದು ಹೊಸದಾಗಿ ಬೆರಗಾಗಿ, ಒದ್ದೆ ಕೈಯಲ್ಲೇ ಹೋಗಿ ಬಾಗಿಲು ತೆಗೆಯುತ್ತಿದ್ದೆ.